ನೂರ ನಲವತ್ತಮೂರು ಮಂದಿ, ಹನ್ನೆರಡು ಕುರಿ

ಸೆಪ್ಟೆಂಬರ್ 5, ಮಂಗಳವಾರ

ಆದರೂ ಅತ್ತಿಗೆ ಹೇಳಿದ್ದು ನನಗೆ ಒಪ್ಪಿಗೆಯಿಲ್ಲ. ನಿನ್ನೆ ಬರೆಯುತ್ತ ಬರೆಯುತ್ತ ಪೆನ್ನಿನ ಶಾಯಿ ಮುಗಿಯಿತು, ಸಿಟ್ಟು ಮುಗಿಯಲಿಲ್ಲ. "ಮಾಂಸ ಹಂಚೋದು ಹೆಂಗಸರ ತಲೇಲಿರೋ ಲೆಕ್ಕ ಮೈದುನಾ, ನೀನು ಮಳೆ ಅಳೀತಿದ್ದ ಡಬ್ಬ ಅಲ್ಲ" ಅಂದಳಲ್ಲ, ಮೂವತ್ತೊಂದು ವರ್ಷ ಕರಾಕೋಲ್ ಹವಾಮಾನ ಕೇಂದ್ರದಲ್ಲಿ ಒಂದು ಹನಿ ಹೆಚ್ಚುಕಮ್ಮಿಯಾಗದಂತೆ ಬರೆದವನು ನಾನು. ಅವಳ ಮನೆಯ ಹಬ್ಬದಲ್ಲೇ ಅಲ್ಲವೇ ಒಬ್ಬರಿಗೆ ತೊಡೆಮೂಳೆಯ ಬದಲು ಪಕ್ಕೆಲುಬು ಹೋಗಿ, ಅವರು ಟೋಪಿ ಹಾಕಿಕೊಂಡು ಎದ್ದು ನಡೆದು, ಒಂಬತ್ತು ವರ್ಷ ಮಾತು ಬಿಟ್ಟಿದ್ದು? ಇದನ್ನು ಅವಳ ಮುಖಕ್ಕೆ ಹೇಳಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಇಪ್ಪತ್ಮೂರಕ್ಕೆ ಮಗಳು ಕನಿಷಾಯ್‌ಳನ್ನು ಗಂಡನ ಮನೆಗೆ ಕಳಿಸಿಕೊಡುವ ಹಬ್ಬ. ತಲಾಸ್‌ನಿಂದ ಬೀಗರು ಬರುತ್ತಾರೆ. ಕೂತವರೊಬ್ಬೊಬ್ಬರ ಮುಂದೆಯೂ ಅವರವರ ವಯಸ್ಸಿಗೆ, ಸಂಬಂಧಕ್ಕೆ ತಕ್ಕ ಎಲುಬಿನ ತುಂಡು, ಅಂದರೆ ಅವರವರ ಉಸ್ತುಕಾನ್, ಬಂದು ಕೂರಬೇಕು. ನನ್ನ ಹೆಂಡತಿ ಬುರುಲ್ ಇದ್ದಿದ್ದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಹದಿನಾರು ತಿಂಗಳಾಯಿತು ಅವಳು ಹೋಗಿ. ಅವಳ ಎರಡು ನೋಟುಪುಸ್ತಕ ಮಾತ್ರ ನನ್ನ ಹತ್ತಿರ ಇವೆ: ಒಂದರಲ್ಲಿ ನೆಂಟರಿಷ್ಟರ ಹೆಸರು, ಇನ್ನೊಂದರಲ್ಲಿ ಯಾವ ಹಬ್ಬದಲ್ಲಿ ಯಾರಿಗೆ ಯಾವ ಎಲುಬು ಕೊಟ್ಟೆವು ಎಂಬುದು. ಬುರುಲ್ ಅಕ್ಷರ ಇರುವೆ ಸಾಲು.

ಕನಿಷಾಯ್ ಬೆಳಿಗ್ಗೆ ಚಹಾ ಬಸಿಯುತ್ತ ಹೇಳಿದಳು: "ಅಪ್ಪಾ, ಬೀಗರಲ್ಲಿ ಒಬ್ಬರಿಗೆ ಅವಮಾನ ಆದ್ರೂ ನಾನು ಆ ಮನೇಲಿ ನಲವತ್ತು ವರ್ಷ ಅದನ್ನ ಕೇಳ್ಕೊಂಡು ಬದುಕಬೇಕು. ಅಮ್ಮ ಇಲ್ಲ. ದಯವಿಟ್ಟು ಹುಷಾರು."

ನಾನು ಎದೆ ತಟ್ಟಿಕೊಂಡು ಮಾತು ಕೊಟ್ಟೆ. ಆಮೇಲೆ ಗ್ರಂಥಾಲಯಕ್ಕೆ ಹೋಗಿ ಹಿರಿಯರ ಕಂಪ್ಯೂಟರ್ ತರಗತಿಗೆ ಹೆಸರು ಕೊಟ್ಟುಬಂದೆ.

ಸೆಪ್ಟೆಂಬರ್ 7, ಗುರುವಾರ

ತರಗತಿಯಲ್ಲಿ ಐದು ಮಂದಿ. ಒಬ್ಬರಿಗೆ ಕಿವಿ ಕೇಳುವುದಿಲ್ಲ, ಇಬ್ಬರು ಮೊಮ್ಮಕ್ಕಳ ಫೋಟೋ ನೋಡಲು ಬಂದವರು. ಕಲಿಸುವವರು ಝೂರಾ ಮೇಡಂ, ಅಂಕಿಅಂಶ ಇಲಾಖೆಯಲ್ಲಿದ್ದು ನಿವೃತ್ತರಾದವರು. ನನ್ನ ಸಮಸ್ಯೆ ಹೇಳಿದೆ. ಅವರು ನಗಲಿಲ್ಲ. ಎರಡು ನೋಟುಪುಸ್ತಕವನ್ನೂ ತಿರುವಿ ನೋಡಿ, "ಇವರು ಯಾರು ಬರೆದಿದ್ದು? ಇಲಾಖೇಲಿ ಇಂಥವರು ಒಬ್ಬರಿದ್ದಿದ್ರೆ ನಮ್ಮ ತಲೆನೋವು ಅರ್ಧ ಇರ್ತಿತ್ತು" ಎಂದರು. ಬುರುಲ್, ನನ್ನ ಹೆಂಡತಿ ಎಂದೆ.

ಕಂಪ್ಯೂಟರಿನಲ್ಲಿ ಒಂದೊಂದು ಪುಸ್ತಕವೂ ಒಂದೊಂದು ಟೇಬಲ್, ಅಂದರೆ ಗೆರೆ ಹಾಕಿದ ಪಟ್ಟಿ, ಆಗುತ್ತದಂತೆ. ನನ್ನ ಕಾಲೇಜಿನ ಇಂಗ್ಲಿಷ್ ನುಗ್ಗಿ ಬಂತು. ಎದ್ದು ನಿಂತು, "ದಿಸ್ ಈಸ್ ಎ ಟೇಬಲ್! ಲಂಡನ್ ಈಸ್ ದ ಕ್ಯಾಪಿಟಲ್!" ಎಂದೆ. ಎರಡು ವರ್ಷ ಓದಿದ್ದರಲ್ಲಿ ಉಳಿದಿರುವುದೇ ಅಷ್ಟು. ಕಿವಿ ಕೇಳದವರು ಚಪ್ಪಾಳೆ ತಟ್ಟಿದರು.

"ಕೂತ್ಕೊಳಿ ಮಳೆರಾಯರೇ" ಅಂದರು ಝೂರಾ ಮೇಡಂ. "ಲಂಡನ್ ಎಲ್ಲಿಗೂ ಓಡಿಹೋಗಲ್ಲ."

ಸೆಪ್ಟೆಂಬರ್ 12, ಮಂಗಳವಾರ

ನಾಲ್ಕು ದಿನ ಬರೆದಿಲ್ಲ, ಏಕೆಂದರೆ ಕನಿಷಾಯ್ ಲ್ಯಾಪ್‌ಟಾಪಿನಲ್ಲಿ ಹೆಸರುಗಳನ್ನು ಕುಟ್ಟಿದೆ. ಒಂದು ಬೆರಳಿನಿಂದ ನೂರ ನಲವತ್ತಮೂರು ಅತಿಥಿಗಳು. ಇನ್ನೊಂದು ಟೇಬಲ್ಲಿಗೆ ಬುರುಲ್ ಬರೆದಿಟ್ಟ ಕೊನೆಯ ಹಬ್ಬದ ಎಲುಬುಗಳು.

ಇಂದು ತರಗತಿಯಲ್ಲಿ ಜಾಯಿನ್ ಎಂಬ ಆಜ್ಞೆ ಬರೆದು ಎರಡನ್ನೂ ಜೋಡಿಸಿದೆ. ಗುಂಡಿ ಒತ್ತಿದೆ. ಬಂದದ್ದು ತೊಂಬತ್ತೇಳು ಹೆಸರು!

"ಮೇಡಂ, ನಲವತ್ತಾರು ಜನರನ್ನ ಕಂಪ್ಯೂಟರ್ ತಿಂದುಹಾಕಿದೆ."

"ತಿಂದಿಲ್ಲ. ನೀವೇ ಬಾಗಿಲಲ್ಲಿ ತಡೆದ್ರಿ" ಎಂದರು. "ಬರೀ ಜಾಯಿನ್ ಅಂತ ಬರೆದ್ರೆ ಎರಡೂ ಪುಸ್ತಕದಲ್ಲಿ ಇರೋರಿಗೆ ಮಾತ್ರ ಪ್ರವೇಶ. ನಿಮ್ಮ ಬೀಗರು ಯಾವತ್ತಾದ್ರೂ ನಿಮ್ಮನೇಲಿ ಎಲುಬು ತಿಂದಿದಾರಾ?"

"ಇಲ್ಲ. ಅವರು ಬರ್ತಿರೋದೇ ಮೊದಲ ಸಲ."

"ಹಂಗಾದ್ರೆ ಎರಡನೇ ಪುಸ್ತಕದಲ್ಲಿ ಎಲ್ಲಿರ್ತಾರೆ? ಹೊರಗೆ ನಿಂತಿದಾರೆ ಪಾಪ, ತಲಾಸ್‌ನಿಂದ ಬಂದು."

ನಾನು ಬಾಗಿಲ ಕಡೆ ತಿರುಗಿ ನೋಡಿದೆ. ಝೂರಾ ಮೇಡಂ ನನ್ನ ಪಕ್ಕದ ಕುರ್ಚಿಗೆ ಬಂದು ಕೂತು ಜಾಯಿನ್ ಮುಂದೆ ಲೆಫ್ಟ್ ಎಂಬ ಪದ ಸೇರಿಸಿದರು. "ಯಾರನ್ನ ಕಳ್ಕೋಬಾರದೋ ಅವರ ಟೇಬಲ್ ಎಡಕ್ಕೆ. ಎಡಗಡೆಯವರು ಎಲ್ಲರೂ ಬರ್ತಾರೆ, ಬಲಗಡೆ ಅವರಿಗೆ ಜೋಡಿ ಇರಲಿ ಬಿಡಲಿ. ಜೋಡಿ ಸಿಗದೋರ ಮುಂದೆ ನಲ್ ಅಂತ ಬರುತ್ತೆ."

"ಅಂದ್ರೆ ಸೊನ್ನೆ."

"ಸೊನ್ನೆ ಅಲ್ಲ."

"ಹಾಂ!" ಎಂದು ಕೂಗಿಯೇಬಿಟ್ಟೆ. "ಮಳೆ ಬರದಿದ್ರೆ ಸೊನ್ನೆ ಬರೀತಿದ್ವಿ. ಅಳೆಯೋನು ಹೋಗದಿದ್ರೆ ಜಾಗ ಖಾಲಿ ಬಿಡ್ತಿದ್ವಿ. ಎರಡೂ ಒಂದೇ ಅಂದೋನಿಗೆ ನಮ್ಮ ಮುಖ್ಯಸ್ಥರು ಕೆನ್ನೆಗೆ ಬಾರಿಸ್ತಿದ್ರು."

ಝೂರಾ ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇದನ್ನ ನಮ್ಮ ಇಲಾಖೆಯ ಹುಡುಗರಿಗೆ ಅರ್ಥ ಮಾಡಿಸೋಕೆ ನನಗೆ ಎರಡು ವರ್ಷ ಬೇಕಾಯ್ತು."

ನೂರ ನಲವತ್ತಮೂರು ಸಾಲು ಸರಸರ ಇಳಿದವು. ನಲವತ್ತಾರು ಜನರ ಮುಂದೆ ಖಾಲಿ, ಆದರೆ ಇದ್ದಾರೆ! ಬೀಗರ ಅಜ್ಜಿ ಕಾಲಿಚಾ ಇದ್ದಾರೆ! ಮನೆಗೆ ನಡೆದು ಬರುವಾಗ ಪಾಪ್ಲರ್ ಮರಗಳೆಲ್ಲ ನನ್ನ ಎಡಕ್ಕೇ ಸಾಲಾಗಿ ನಿಂತಂತಿತ್ತು. ದಾರಿಯಲ್ಲಿ ಇಬ್ಬರನ್ನು ನಿಲ್ಲಿಸಿ ಲೆಫ್ಟ್ ಜಾಯಿನ್ ವಿವರಿಸಿದೆ. ಒಬ್ಬನಿಗೆ ಬಸ್ ತಪ್ಪಿತು.

ಸೆಪ್ಟೆಂಬರ್ 14, ಗುರುವಾರ

ನಾನೊಬ್ಬ ಕತ್ತೆ. ಆದರೆ ಸಂತೋಷವಾಗಿರುವ ಕತ್ತೆ.

ನಲವತ್ತಾರು ಖಾಲಿ ಜಾಗ ತುಂಬಬೇಕಲ್ಲ, ಅದಕ್ಕೆ ಬುರುಲ್ ಪುಸ್ತಕದ ಹಳೆಯ ಎಂಟು ಹಬ್ಬಗಳನ್ನೂ ಕುಟ್ಟಿ ಸೇರಿಸಿದೆ. ಯಾವುದಾದರೂ ಹಬ್ಬದಲ್ಲಿ ತಿಂದಿರಲೇಬೇಕು ತಾನೆ? ಗುಂಡಿ ಒತ್ತಿದೆ. ಆರುನೂರ ಹನ್ನೊಂದು ಸಾಲು. ನಾನು ಅದನ್ನು ಪ್ರಗತಿ ಎಂದುಕೊಂಡೆ. ಒಂದು ಕುರಿಗೆ ಹನ್ನೆರಡು ತುಂಡು. ಭಾಗಿಸಿದೆ. ಅಣ್ಣ ಸಾತಿಬಾಲ್ದಿಗೆ ಫೋನು ಮಾಡಿದೆ. ಹಿಂಡು ಅವನದು.

"ಅಣ್ಣಾ, ಐವತ್ತೊಂದು ಕುರಿ ಬೇಕು."

ಅವನು ಬೊಗಳುತ್ತಿದ್ದ ನಾಯಿಯನ್ನು ಗದರಿಸಿದ. ಆಮೇಲೆ: "ಏನೋ, ಮಗಳನ್ನ ಕಳಿಸ್ತಿದೀಯೋ ಯುದ್ಧಕ್ಕೆ ಹೊರಟಿದೀಯೋ?"

"ಕಂಪ್ಯೂಟರ್ ಹೇಳ್ತಿದೆ."

"ಹಂಗಾದ್ರೆ ಕಂಪ್ಯೂಟರನ್ನೇ ಕಡಿದು ಬೇಯಿಸು. ಐವತ್ತೊಂದು ಕೊಟ್ರೆ ಹಿಂಡಲ್ಲಿ ಉಳಿಯೋದು ನಾನು, ನನ್ನ ನಾಯಿ ಇಬ್ರೇ."

ಪಟ್ಟಿ ಹಿಡಿದು ಗ್ರಂಥಾಲಯಕ್ಕೆ ಓಡಿದೆ. ಝೂರಾ ಮೇಡಂ ಓದಿದರು. ಕಾಸಿಮಾಲಿ ಮಾವನಿಗೆ ಸೊಂಟದೆಲುಬು. ಕಾಸಿಮಾಲಿ ಮಾವನಿಗೆ ಸೊಂಟದೆಲುಬು. ಕಾಸಿಮಾಲಿ ಮಾವನಿಗೆ... ಒಂಬತ್ತು ಸಲ. ಓದುತ್ತ ಓದುತ್ತ ಅವರ ಧ್ವನಿ ನಡುಗಿತು, ಮೇಜಿಗೆ ತಲೆಯಿಟ್ಟು ನಕ್ಕರು. ಪುಸ್ತಕ ಓದುತ್ತಿದ್ದವರು ತಿರುಗಿ ನೋಡಿದರು. ನಾನೂ ನಕ್ಕೆ. ಎಂಬತ್ತಾರು ವರ್ಷದ ಹಲ್ಲಿಲ್ಲದ ಮಾವ, ಮುಂದೆ ಒಂಬತ್ತು ಸೊಂಟದೆಲುಬು!

"ಎಡಗಡೆ ಒಬ್ಬರಿಗೆ ಬಲಗಡೆ ಒಂಬತ್ತು ಜೋಡಿ ಸಿಕ್ರೆ ಆ ಒಬ್ಬರು ಒಂಬತ್ತು ಸಲ ಬರ್ತಾರೆ" ಎಂದರು ಕಣ್ಣೊರೆಸಿಕೊಂಡು. "ನೀವು ಹಬ್ಬ ಸೇರಿಸಿದಷ್ಟೂ ಮಾವ ಹೆಚ್ಚಾಗ್ತಾರೆ."

ಹಾಗಾದರೆ ಪ್ರತಿಯೊಬ್ಬರೂ ಕೊನೆಯ ಸಲ ತಿಂದ ಎಲುಬಿನ ಮುಂದೆ ಒಂದು ಗುರುತು ಹಾಕಿ, ಅದನ್ನು ಮಾತ್ರ ತೆಗೆದುಕೊಳ್ಳಬೇಕು. ಅದನ್ನು ಮನೆಯಲ್ಲಿ ನಾನೇ ಮಾಡುತ್ತೇನೆ ಎಂದೆ. ಅವರಿಗೂ ಒಂದು ಜೀವನ ಇದೆಯಲ್ಲ. ಇದೆಯೋ ಇಲ್ಲವೋ ಕೇಳಲಿಲ್ಲ. ಗಂಡ ತೀರಿ ಆರು ವರ್ಷವಾಯಿತಂತೆ, ಇದನ್ನು ನಾನು ಕೇಳಿರಲಿಲ್ಲ, ಅವರೇ ಹೇಳಿದರು. ಮನೆ ಕುದುರೆ ಪಂದ್ಯ ನಡೆಯುವ ಹಿಪೊಡ್ರೋಮ್ ಹಿಂದಿನ ಬೀದಿ.

ಅಣ್ಣನಿಗೆ ಮತ್ತೆ ಫೋನು ಮಾಡಿ ಹನ್ನೆರಡು ಕುರಿ ಸಾಕೆಂದೆ. ಹನ್ನೆರಡು ಹನ್ನೆರಡಲ ನೂರ ನಲವತ್ತನಾಲ್ಕು, ಅತಿಥಿಗಳಿಗೆಲ್ಲ ಕೊಟ್ಟು ನನಗೂ ಒಂದು.

ಸೆಪ್ಟೆಂಬರ್ 19, ಮಂಗಳವಾರ

ಮುಗಿಯಿತು! ಸೊಗಸಾಗಿ ಮುಗಿಯಿತು! ಕೆಳಗೆ ಸಾಲುಗಳನ್ನು ಸೋಸುವ ವೇರ್ ಎಂಬ ಪದ ಬರೆದು, ಗುರುತು ಇರುವ ಸಾಲು ಮಾತ್ರ ಎಂದೆ. ಪಟ್ಟಿ ಬಂತು. ಒಂದೂ ಖಾಲಿ ಜಾಗವಿಲ್ಲ. ಪ್ರತಿ ಹೆಸರಿನ ಮುಂದೆಯೂ ಎಲುಬು. ಇಂಥ ಚಂದದ ಹಾಳೆಯನ್ನು ನಾನು ಕೆಲಸದಲ್ಲಿದ್ದಾಗಲೂ ಕಂಡಿರಲಿಲ್ಲ. ಛಾಪಿಸಿ, ಮಾಂಸ ಕೊಯ್ಯುವವನ ಕೈಗೆ ಕೊಟ್ಟುಬಂದೆ, ಅತ್ತಿಗೆಗೂ ಒಂದು ಪ್ರತಿ ಕಳಿಸಿದೆ, ಉರಿಯಲಿ ಎಂದು.

ಇಂದು ತರಗತಿ ಇತ್ತು. ಗಡ್ಡ ಬೋಳಿಸಿಕೊಂಡು ಹೋಗಿದ್ದೆ. ಝೂರಾ ಅವರಿಗೆ ಜ್ವರವಂತೆ, ಬಂದಿರಲಿಲ್ಲ. ಕಿವಿ ಕೇಳದವರ ಜೊತೆ ಕೂತು ಮೊಮ್ಮಕ್ಕಳ ಫೋಟೋ ನೋಡಿ ಬಂದೆ. ಬಹಳ ಉದ್ದದ ಮಧ್ಯಾಹ್ನ.

ಸೆಪ್ಟೆಂಬರ್ 21, ಗುರುವಾರ

ಇದನ್ನು ನಗುತ್ತ ಬರೆಯಬೇಕೋ ಅಳುತ್ತ ಬರೆಯಬೇಕೋ ತಿಳಿಯದು.

ಬೆಳಿಗ್ಗೆ ಉಮ್ಸುನಾಯ್ ಅತ್ತಿಗೆ ಬಂದಳು. ಚಪ್ಪಲಿ ಕೂಡ ಬಿಡಲಿಲ್ಲ. ಹಾಳೆಯನ್ನು ನನ್ನ ಮೂಗಿನ ಕೆಳಗೆ ಹಿಡಿದಳು.

"ತಲಾಸ್‌ನೋರು ಎಲ್ಲಿ?"

"ಇರ್ತಾರೆ ನೋಡು, ಕೆಳಗಡೆ."

"ಕೆಳಗೂ ನೋಡ್ದೆ, ಮೇಲೂ ನೋಡ್ದೆ, ಹಾಳೆ ತಿರುವಿನೂ ನೋಡ್ದೆ. ನಿನ್ನ ಅಳಿಯನ ಹೆಸರೇ ಇಲ್ಲ ಇದರಲ್ಲಿ! ಮಗಳನ್ನ ಯಾರಿಗೆ ಕೊಡ್ತಿದೀಯಾ, ಕಾಸಿಮಾಲಿ ಮಾವನಿಗಾ?"

ಎಣಿಸಿದೆ. ನೂರ ಇಪ್ಪತ್ತೊಂದು. ಸಂತೋಷದಲ್ಲಿ ಎಣಿಸಿಯೇ ಇರಲಿಲ್ಲ! ಬೀಗರು ಇಪ್ಪತ್ತೆರಡು ಮಂದಿ, ಇಪ್ಪತ್ತೆರಡೂ ಮಾಯ. ಲೆಫ್ಟ್ ಎಂದು ಬರೆದಿದ್ದೇನೆ, ಅವರು ಎಡಗಡೆಯೇ ಇದ್ದಾರೆ, ಆದರೂ ಇಲ್ಲ. ಕನಿಷಾಯ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಒಳಗೆ ಹೋಗಿ ಹೊಲಿಗೆ ಮುಂದುವರಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಹಿಪೊಡ್ರೋಮ್ ಹಿಂದಿನ ಬೀದಿಗೆ ಓಡಿದೆ. ಆ ಬೀದಿಯ ನಾಯಿಗಳ ಬಗ್ಗೆ ಬರೆಯುವುದಿಲ್ಲ. ಝೂರಾ ಕತ್ತಿಗೆ ಶಾಲು ಸುತ್ತಿಕೊಂಡು ಬಾಗಿಲು ತೆರೆದರು, ಹಾಳೆ ನೋಡಿ ಒಂದೇ ಕ್ಷಣದಲ್ಲಿ "ಅಯ್ಯೋ ಮಳೆರಾಯರೇ" ಎಂದರು.

"ಜರಡೀನ ತಪ್ಪು ಜಾಗದಲ್ಲಿ ಹಿಡಿದಿದೀರಿ. ಮೊದಲು ಎಲ್ಲರನ್ನೂ ಒಳಗೆ ಕರೆದ್ರಿ, ಸರಿ. ಆಮೇಲೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಕೇಳಿದ್ರಿ, ನಿಮ್ಮ ಎಲುಬಿಗೆ ಗುರುತಿದೆಯಾ ಅಂತ. ಎಲುಬೇ ಇಲ್ಲದೋರು ಏನಂತಾರೆ? ಸುಮ್ನಿರ್ತಾರೆ. ಸುಮ್ನಿರೋರನ್ನೆಲ್ಲ ವೇರ್ ಹೊರಗೆ ಹಾಕುತ್ತೆ."

"ಮತ್ತೆ?"

"ಆ ಪ್ರಶ್ನೆ ಅತಿಥಿಗಳಿಗೆ ಕೇಳೋದಲ್ಲ. ಎಲುಬಿನ ಪುಸ್ತಕಕ್ಕೆ ಕೇಳೋದು. ಜೋಡಿಸೋವಾಗ್ಲೇ ಕೇಳಿ." ಕೆಳಗಿದ್ದ ಷರತ್ತನ್ನು ಕತ್ತರಿಸಿ ಮೇಲೆ, ಜೋಡಿಸುವ ಸಾಲಿನಲ್ಲಿ, ಯಾರಿಗೆ ಯಾವುದು ಜೋಡಿ ಎಂದು ಹೇಳುವ ಆನ್ ಎಂಬುದರ ಪಕ್ಕ ಅಂಟಿಸಿದರು. ಅಷ್ಟೇ. ಒಂದು ಮಾತನ್ನು ಎರಡು ಸಾಲು ಮೇಲಕ್ಕೆ.

ನೂರ ನಲವತ್ತಮೂರು! ಬೀಗರು ಇಪ್ಪತ್ತೆರಡೂ ವಾಪಸ್ಸು! ನಾನು ಎದ್ದು ಕುಣಿದೆನಂತೆ. ಅವರ ಮೊಸರಿನ ಪಾತ್ರೆ ಉರುಳಿದ್ದು ಮಾತ್ರ ನನಗೆ ನೆನಪಿದೆ.

ಇಪ್ಪತ್ತೆರಡು ಖಾಲಿ ಜಾಗ ತುಂಬಲು ಕಂಪ್ಯೂಟರಿಗೆ ಬರುವುದಿಲ್ಲ. ಝೂರಾ ಅವರೇ ಹೇಳಿದರು, ಅತ್ತಿಗೆಯನ್ನು ಕೇಳಿ ಎಂದು. ಕೇಳಿದೆ. ಅತ್ತಿಗೆ ಮೊದಲು ಮುಖ ಉಬ್ಬಿಸಿ, ಆಮೇಲೆ ಕೂತು, ತಲಾಸ್‌ಗೆ ಫೋನು ಹಚ್ಚಿ, ಅವರ ಕಡೆ ಯಾರು ಹಿರಿಯರು, ಯಾರು ಕಿರಿಯರು ಎಂದು ಒಂದು ಗಂಟೆ ವಿಚಾರಿಸಿದಳು. ಕಾಲಿಚಾ ಅಜ್ಜಿಗೆ ಬಾಲದ ಬುಡದ ತುಂಡು. ಹೆಂಗಸರಿಗೆ ಅದಕ್ಕಿಂತ ಮೇಲಿನದಿಲ್ಲ. ನಾನು ಒಂದು ಬೆರಳಿನಿಂದ ಕುಟ್ಟಿದೆ.

ಹೊರಡುವಾಗ ಅತ್ತಿಗೆ: "ಒಂದು ತುಂಡೂ ಹೆಚ್ಚಿಲ್ವಲ್ಲೋ. ಬುರುಲ್ ಯಾವಾಗ್ಲೂ ಒಂದು ಕುರಿ ಹೆಚ್ಚಿಗೆ ಕಡಿಸ್ತಿದ್ಲು, ಕರೀದೇ ಬರೋರಿಗೆ ಅಂತ."

"ಪುಸ್ತಕದಲ್ಲಿ ಅದು ಬರೆದಿಲ್ಲ" ಎಂದೆ.

"ಅಂಥದ್ದನ್ನ ಯಾರು ಬರೀತಾರೆ?" ಎಂದಳು.

ಸೆಪ್ಟೆಂಬರ್ 22, ಶುಕ್ರವಾರ

ಕುರಿಗಳು ಬಂದವು. ಹನ್ನೆರಡು. ಅಣ್ಣ ಎರಡೆರಡು ಸಲ ಎಣಿಸಿಕೊಂಡು ಹೋದ.

ಸೆಪ್ಟೆಂಬರ್ 24, ಭಾನುವಾರ

ನಿನ್ನೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ತಟ್ಟೆಗಳು ಪಟ್ಟಿಯ ಪ್ರಕಾರ ಹೊರಟವು. ನಾನು ಊಟದ ದೊಡ್ಡ ಗುಡಾರದ ಬಾಗಿಲ ಬಳಿ ಹಾಳೆ ಹಿಡಿದು ನಿಂತು ಒಂದೊಂದಕ್ಕೂ ಗೆರೆ ಎಳೆದೆ. ಕಾಸಿಮಾಲಿ ಮಾವನಿಗೆ ಸೊಂಟದೆಲುಬು, ಒಂದೇ ಒಂದು. ಕಾಲಿಚಾ ಅಜ್ಜಿಯ ಮುಂದೆ ಬಾಲದ ಬುಡ ಬಂದಾಗ ಆಕೆ ತಲೆಯಾಡಿಸಿ ಪಕ್ಕದವರಿಗೆ ಏನೋ ಹೇಳಿದರು, ಪಕ್ಕದವರೂ ತಲೆಯಾಡಿಸಿದರು. ಕನಿಷಾಯ್ ಬಿಳಿ ಬಟ್ಟೆಯಲ್ಲಿ ದೂರದಿಂದ ನನ್ನತ್ತ ನೋಡಿ ನಕ್ಕಳು. ನೂರ ನಲವತ್ತಮೂರನೇ ಗೆರೆ ಎಳೆದೆ. ಹಾರಿಹೋಗುವಷ್ಟು ಹಗುರವಾಗಿದ್ದೆ.

ಆಗ ಕಂಡಿತು. ಹೆಂಗಸರ ಸಾಲಿನಲ್ಲಿ, ಕಂಬದ ಪಕ್ಕ, ಝೂರಾ. ಮುಂದೆ ಚಹಾ ಬಟ್ಟಲು ಮಾತ್ರ. ಅವರ ಎಡಕ್ಕೂ ಬಲಕ್ಕೂ ತಟ್ಟೆ ಬಂದಿತ್ತು, ಅವರನ್ನು ದಾಟಿ ಹೋಗಿತ್ತು. ಕನಿಷಾಯ್ ಕರೆದಿದ್ದಳಂತೆ, ನನಗೆ ಹೇಳದೆ. ನಾನು? ನಾನು ಕರೆದೇ ಇರಲಿಲ್ಲ! ಎರಡು ವಾರ ಅವರೊಂದಿಗೇ ಪಟ್ಟಿ ಮಾಡಿದವನು, ಅವರ ಹೆಸರನ್ನು ಯಾವ ಟೇಬಲ್ಲಿಗೂ ಹಾಕಿರಲಿಲ್ಲ. ಎಡಗಡೆಯೇ ಇಲ್ಲದವರನ್ನು ಯಾವ ಜಾಯಿನ್ ತಾನೆ ತರುತ್ತದೆ?

ಅಡಿಗೆಯ ಗುಡಾರಕ್ಕೆ ಓಡಿದೆ. "ಅತ್ತಿಗೆ, ಒಂದು ತುಂಡು!"

"ಎಲ್ಲಿಂದ ತರ್ಲಿ? ನಿನ್ನ ಲೆಕ್ಕಕ್ಕೆ ಸರಿಯಾಗಿ ಕೊಯ್ದಿದೆ. ಉಳಿದದ್ದು ಒಂದೇ, ನಿನ್ನದು. ಇಟ್ಟಿದೀನಿ ನೋಡು, ಕೂತು ತಿನ್ನು. ಬೆಳಗಿಂದ ನಿಂತಿದೀಯಾ."

ತಟ್ಟೆ ಕಿತ್ತುಕೊಂಡು ಓಡಿದೆ. ಹಿಂದಿನಿಂದ ಅತ್ತಿಗೆ ಕೂಗಿದಳು, ಕೇಳಿಸಿಕೊಳ್ಳಲಿಲ್ಲ. ಎಲ್ಲರ ನಡುವೆ ಹಾದು, ಎರಡೂ ಕೈಯಿಂದ ಝೂರಾ ಮುಂದೆ ಇಟ್ಟೆ. ಇಟ್ಟ ಮೇಲೆ ನೋಡಿದೆ. ಸೊಂಟದೆಲುಬು.

ಸೊಂಟದೆಲುಬು! ಬಿಳಿಗಡ್ಡದವರ ಪಾಲು! ಯಾವ ಹೆಂಗಸಿನ ಮುಂದೆಯೂ ನಮ್ಮಲ್ಲಿ ಅದನ್ನು ಇಟ್ಟಿದ್ದಿಲ್ಲ. ಅತ್ತ ಬೀಗರ ಅಜ್ಜಿಗೆ ಬಾಲದ ಬುಡ, ಇತ್ತ ಯಾರೆಂದು ಅವರಿಗೆ ಗೊತ್ತೇ ಇಲ್ಲದ ಒಬ್ಬಾಕೆಗೆ ಅದಕ್ಕಿಂತ ಮೇಲಿನ ಮರ್ಯಾದೆ, ಅದೂ ಹುಡುಗಿಯ ಅಪ್ಪನ ಕೈಯಿಂದಲೇ. ಚಾಕುಗಳು ನಿಂತವು. ಕಾಸಿಮಾಲಿ ಮಾವ ಬಾಯಿ ತೆರೆದವರು ತೆರೆದಂತೆಯೇ ಉಳಿದರು. ಕಾಲಿಚಾ ಅಜ್ಜಿ ನಿಧಾನವಾಗಿ ಕೈ ಒರೆಸಿಕೊಂಡರು. ಕೈ ಒರೆಸಿಕೊಂಡವರು ಮುಂದೆ ಏಳುತ್ತಾರೆ, ಅದು ನನಗೆ ಗೊತ್ತು. ಕನಿಷಾಯ್ ಮುಖದಲ್ಲಿ ರಕ್ತವಿರಲಿಲ್ಲ.

ಝೂರಾ ಎದ್ದರು. ಚಾಕು ತೆಗೆದುಕೊಂಡು ಮೂಳೆಯಿಂದ ಒಂದು ದಪ್ಪ ಹೋಳು ಕೊಯ್ದು, ಅಂಗೈಯಲ್ಲಿಟ್ಟುಕೊಂಡು, ಸಾಲು ದಾಟಿ ಅಜ್ಜಿಯ ಮುಂದೆ ಹೋಗಿ ಬಾಗಿದರು.

"ಅಮ್ಮಾ, ಇದರ ಮೊದಲ ತುತ್ತು ನಿಮ್ಮದು. ಈ ಮನುಷ್ಯ ಮೂವತ್ತು ವರ್ಷ ಮಳೆ ಅಳೆದೋರು. ನೆಲದ ಮೇಲೆ ಯಾರು ಎಲ್ಲಿ ಕೂತಿದಾರೆ ಅಂತ ಇವರಿಗೆ ಕಾಣ್ಸೋದು ಈಗೀಗ. ಹದಿನೈದು ದಿನದಿಂದ ಒಂದೇ ಚಿಂತೆ ಇವರಿಗೆ, ತಲಾಸ್‌ನ ಒಬ್ರೂ ತಪ್ಪಿಹೋಗ್ಬಾರ್ದು ಅಂತ. ನಾನೇ ಸಾಕ್ಷಿ. ಐವತ್ತೊಂದು ಕುರಿ ಕಡಿಯೋಕೆ ಹೊರಟಿದ್ರು."

ಅಜ್ಜಿ ಹೋಳನ್ನು ನೋಡಿದರು. ಝೂರಾ ಮುಖ ನೋಡಿದರು. ಆಮೇಲೆ ನನ್ನನ್ನು, ತಲೆಯಿಂದ ಕಾಲಿನವರೆಗೆ. ಬಾಯಿಗೆ ಹಾಕಿಕೊಂಡು ಅಗಿದರು. ಅಷ್ಟು ನಿಧಾನವಾಗಿ ಯಾರೂ ಅಗಿದದ್ದನ್ನು ನಾನು ಕಂಡಿಲ್ಲ.

"ಐವತ್ತೊಂದಾ?" ಎಂದರು.

"ಐವತ್ತೊಂದು" ಎಂದ ಅಣ್ಣ ಆ ಕಡೆಯಿಂದ, ಆರದ ಗಾಯದವನ ಧ್ವನಿಯಲ್ಲಿ.

ಅಜ್ಜಿಗೆ ನಗು ಬಂತು, ಮೊದಲು ಭುಜಕ್ಕೆ, ಆಮೇಲೆ ಗಂಟಲಿಗೆ. "ಒಳ್ಳೇ ಮನೆಗೇ ಬಂದಿದೀವಿ ಕಣ್ರೋ! ಇಲ್ಲಿ ಹೆಂಗಸರಿಗೂ ಸೊಂಟದೆಲುಬು ಕೊಡ್ತಾರೆ. ಏ ಬೀಗಾ, ಮುಂದಿನ ಸಲ ನನಗೂ ಅದೇ ಇಡು!" ಇಡೀ ಗುಡಾರ ಬಿದ್ದುಬಿದ್ದು ನಕ್ಕಿತು. ಝೂರಾ ಉಳಿದದ್ದನ್ನು ಹೋಳು ಮಾಡಿ ಸಾಲಿಗೆಲ್ಲ ಹಂಚಿದರು. ಕೊನೆಯ ಹೋಳು ನನಗೆ. ಒಬ್ಬರೂ ಟೋಪಿ ಹಾಕಿಕೊಂಡು ಎದ್ದುಹೋಗಲಿಲ್ಲ.

ಕನಿಷಾಯ್ ಹೊರಡುವಾಗ ನನ್ನ ಕುತ್ತಿಗೆಗೆ ಜೋತುಬಿದ್ದು ಅತ್ತಳು, ನಕ್ಕಳು, ಮತ್ತೆ ಅತ್ತಳು. "ಅಪ್ಪಾ, ಇನ್ಮೇಲೆ ನಿಮ್ಮ ಬಗ್ಗೆ ನನಗೆ ಚಿಂತೆ ಇಲ್ಲ" ಎಂದಳು. ಯಾಕೆ ಹಾಗೆಂದಳೋ. ನನ್ನ ಆರೋಗ್ಯ ಮೊದಲೂ ಚೆನ್ನಾಗಿಯೇ ಇತ್ತು.

ಸೆಪ್ಟೆಂಬರ್ 28, ಗುರುವಾರ

ಕನಿಷಾಯ್ ಫೋನು ಮಾಡಿದ್ದಳು. ಸುಖವಾಗಿದ್ದಾಳೆ. ಅಜ್ಜಿ ಬಂದವರಿಗೆಲ್ಲ ಐವತ್ತೊಂದು ಕುರಿಯ ಕಥೆ ಹೇಳುತ್ತಿದ್ದಾರಂತೆ, ಈಗ ಅದು ಎಪ್ಪತ್ತಾಗಿದೆಯಂತೆ. ಅಕ್ಟೋಬರ್ ಕೊನೆಗೆ ಬೀಗರು ನಮ್ಮನ್ನು ಕರೆಯುತ್ತಾರೆ. ನಮ್ಮ ಕಡೆಯಿಂದ ಯಾರು ಯಾರು, ನಮಗೆ ಏನಾಗಬೇಕು ಎಂದು ಪಟ್ಟಿ ಕಳಿಸಬೇಕು. ಅದನ್ನು ನೋಡಿ ಅವರು ಎಲುಬು ಹಂಚುತ್ತಾರೆ.

"ಅಪ್ಪಾ, ಅಜ್ಜಿ ಕೇಳ್ತಿದಾರೆ, ಆ ಮೇಡಂ ಬರ್ತಾರೆ ತಾನೆ ಅಂತ. ಅವರ ಹೆಸರು ಮರೆತ್ರೆ ನೀವೂ ಬರೋದು ಬೇಡವಂತೆ."

ಮಧ್ಯಾಹ್ನದಿಂದ ಕೂತಿದ್ದೇನೆ. ಸಾತಿಬಾಲ್ದಿ: ಅಣ್ಣ. ಉಮ್ಸುನಾಯ್: ಅತ್ತಿಗೆ. ಕಾಸಿಮಾಲಿ: ಮಾವ. ಹನ್ನೊಂದು ಹೆಸರು ನೀರು ಕುಡಿದಂತೆ ಬರೆದೆ. ಹನ್ನೆರಡನೆಯದು ಝೂರಾ. ಪಕ್ಕದಲ್ಲಿ "ನೆರೆಯವರು" ಎಂದು ಬರೆದು ಹೊಡೆದುಹಾಕಿದೆ. ಅವರ ಮನೆ ಊರಿನ ಇನ್ನೊಂದು ತುದಿ. "ಗುರುಗಳು" ಎಂದು ಬರೆದೆ. ಹಾಗೆ ಬರೆದರೆ ಅವರನ್ನು ಗಂಡಸರ ಸಾಲಿನಲ್ಲಿ ಮುಲ್ಲಾಗಳ ಪಕ್ಕ ಕೂರಿಸಿಯಾರು, ಅಷ್ಟು ದೂರ ಏಕೆ ಕೂರಬೇಕು? ಹೊಡೆದುಹಾಕಿದೆ. "ಪರಿಚಯದವರು" ಎಂದು ಬರೆದೆ. ಪರಿಚಯದವರಿಗೆ ಪಕ್ಕೆಲುಬು ಬರುತ್ತದೆ. ಪಕ್ಕೆಲುಬು! ಎದ್ದು ಒಂದು ಸುತ್ತು ನಡೆದು ಬಂದು ಅದನ್ನೂ ಹೊಡೆದುಹಾಕಿದೆ. ಅತ್ತಿಗೆ ಪಾತ್ರೆ ವಾಪಸ್ಸು ಕೊಡಲು ಬಂದಳು, ಹಾಳೆ ನೋಡಿದಳು, ನಕ್ಕು ನಕ್ಕು ಜಗಲಿಯ ಮೇಲೆ ಕುಸಿದಳು, ಪಾತ್ರೆ ಅಲ್ಲೇ ಬಿಟ್ಟು ಹೋದಳು. ಸಹಾಯ ಮಾಡಬಾರದೇ?

ತಪ್ಪು ಬರೆದರೆ ತಪ್ಪು ಎಲುಬು, ಇಡೀ ತಲಾಸ್ ಮುಂದೆ. ನನ್ನ ಊಹೆಯಿಂದ ಬರೆಯುವ ಮಾತಲ್ಲ ಇದು. ಅವರನ್ನೇ ಕೇಳಬೇಕು, ನೀವು ನಮಗೆ ಏನಾಗಬೇಕು ಎಂದು. ಅವರು ಹೇಳಿದ್ದನ್ನು ಹೇಳಿದಂತೆ ಬರೆದುಬಿಡುತ್ತೇನೆ. ಒಳ್ಳೆಯ ಅಂಗಿ ಹಾಕಿಕೊಂಡಿದ್ದೇನೆ, ಹಾಳೆ ಜೇಬಿನಲ್ಲಿದೆ, ಪೆನ್ನೂ ಇದೆ. ಅಕ್ಷರ ಕಾಣುತ್ತಿಲ್ಲವಲ್ಲ ಎಂದು ತಲೆಯೆತ್ತಿದರೆ ಬೆಟ್ಟದ ಮೇಲಿನ ಬೆಳಕು ಹೋಗುತ್ತಿದೆ. ಈಗಲೇ ಹೊರಡಬೇಕು.